ಮುಂಬೈ ಕಾರ್ಟರ್ ರೋಡಿನ ಸಮುದ್ರದೆದುರಿನ ಫ್ಲ್ಯಾಟ್: ನಾಲ್ಕು ವರ್ಷ ಇದ್ದು ಹೇಳುತ್ತಿರುವುದು

ಮೊದಲೇ ಹೇಳಿಬಿಡುತ್ತೇನೆ. ಈ ಮನೆಯಲ್ಲಿ ಕಟಕ ರೊಟ್ಟಿ ಉಳಿಯುವುದಿಲ್ಲ.

ನಾನು ಧಾರವಾಡದ ಕಡೆಯವನು. ಅವ್ವ ತಿಂಗಳಿಗೊಮ್ಮೆ ಐವತ್ತು ರೊಟ್ಟಿ ಬಡಿದು, ಬಟ್ಟೆಯಲ್ಲಿ ಕಟ್ಟಿ ಹುಬ್ಬಳ್ಳಿ ಬಸ್ಸಿಗೆ ಹಾಕಿಸುತ್ತಾಳೆ. ಬೆಳಗ್ಗೆ ಸಾಯನ್‌ನಲ್ಲಿ ನಿಂತು ಇಳಿಸಿಕೊಳ್ಳುತ್ತೇನೆ. ಮೊದಲು ಡೊಂಬಿವಲಿಯಲ್ಲಿದ್ದಾಗ ಆ ರೊಟ್ಟಿ ಮೂರು ವಾರ ಗರಿಗರಿ ಇರುತ್ತಿತ್ತು. ಇಲ್ಲಿ ಬಾಲ್ಕನಿ ಬಾಗಿಲು ತೆರೆದಿಟ್ಟರೆ ಸಂಜೆಗೇ ಮೆತ್ತಗೆ. ಮುರಿಯಲು ಹೋದರೆ ಸದ್ದೇ ಇಲ್ಲ, ಸುಮ್ನೆ ಬಾಗುತ್ತದೆ. ಶೇಂಗಾ ಚಟ್ನಿಪುಡಿ ಉಂಡೆಗಟ್ಟುತ್ತದೆ. ಉಪ್ಪಿನ ಡಬ್ಬಿಯಲ್ಲಿ ಉಪ್ಪು ತಾನೇ ನೀರು ಬಿಟ್ಟುಕೊಂಡು ಕೂತಿರುತ್ತದೆ.

ಈಜುಕೊಳ, ಇಟಲಿ ಮಾರ್ಬಲ್, ಲಾಬಿಯಲ್ಲಿ ಸುವಾಸನೆ, ಇದೆಲ್ಲ ಬ್ರೋಕರ್ ಕಳಿಸುವ ವಿಡಿಯೋದಲ್ಲೇ ಇರುತ್ತದೆ. ಜಿಮ್‌ಗೆ ನಾಲ್ಕು ವರ್ಷದಲ್ಲಿ ಆರು ಸಲ ಹೋಗಿರಬಹುದು, ಅದರಲ್ಲಿ ಎರಡು ಸಲ ತೂಕ ನೋಡಿಕೊಳ್ಳಲು. ಬಾಡಿಗೆ 2 ಲಕ್ಷ 10 ಸಾವಿರ. ಕಂಪನಿ ಕೊಡುವುದು ಒಂದೂವರೆ ಲಕ್ಷ, ಉಳಿದ 60 ಸಾವಿರ ನನ್ನ ಜೇಬಿನದು. ಆ 60 ಸಾವಿರದ ಲೆಕ್ಕ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಪೂರ್ತಿ ಬಾಡಿಗೆ ಕಂಪನಿಯೇ ಕೊಡುವವರಿಗೆ ಇಷ್ಟು ಹೊಟ್ಟೆ ಉರಿಯಲಿಕ್ಕಿಲ್ಲ.

ದುಡ್ಡು ಕೊಡುವುದು ಸಮುದ್ರ ನೋಡಲು, ಅಲ್ವಾ? ಆ ಸಮುದ್ರವೇ ಕಾಣುವುದಿಲ್ಲ. ಅಲೆ ಬಂಡೆಗೆ ಬಡಿದಾಗ ಹಾರುವ ಹನಿ ಗಾಳಿಯಲ್ಲಿ ಮೇಲೆ ಬರುತ್ತದೆ. ನೀರು ಆರಿ ಉಪ್ಪು ಗಾಜಿಗೆ ಅಂಟುತ್ತದೆ. ಒರೆಸಿದ ಮೂರನೇ ದಿನಕ್ಕೆ ಇಡೀ ಅರಬ್ಬೀ ಸಮುದ್ರ ಮಜ್ಜಿಗೆಯಲ್ಲಿ ಅದ್ದಿದಂತೆ. ಹೊರಗಿನಿಂದ ಹಗ್ಗ ಕಟ್ಟಿಕೊಂಡು ಒರೆಸುವವರು ಆರು ತಿಂಗಳಿಗೊಮ್ಮೆ ಬರುತ್ತಾರೆ. ಹಾಗಾಗಿ ಬಾಲ್ಕನಿಯ ಗಾಜು ನನ್ನ ಪಾಲಿನ ಕೆಲಸ. ಬೆಳಗ್ಗೆ ಆರೂವರೆಗೆ ಕಾಫಿ ಸೋಸಲು ಇಟ್ಟು ಶುರು ಮಾಡುತ್ತೇನೆ. ಮೊದಲು ಬರೀ ನೀರು ಸುರಿಯಬೇಕು, ಉಪ್ಪು ಕರಗಬೇಕು. ಒಣ ಬಟ್ಟೆಯಲ್ಲಿ ಉಜ್ಜಿದಿರೋ, ಗೀರು ಬಿತ್ತೆಂದೇ ಲೆಕ್ಕ. ನಾನು ಮೊದಲ ತಿಂಗಳೇ ಬೀಳಿಸಿಕೊಂಡಿದ್ದೇನೆ. ಆಮೇಲೆ ಹಳೆಯ 'ಕರ್ನಾಟಕ ಮಲ್ಲ' ಪೇಪರನ್ನು ಮುದ್ದೆ ಮಾಡಿ ಮೇಲಿಂದ ಕೆಳಗೆ ಒರೆಸುವುದು. ಇದಕ್ಕೆ ಎಷ್ಟೋ ಬಗೆಯ ಬಟ್ಟೆ ತಂದು ನೋಡಿದೆ, ಪೇಪರಿನಷ್ಟು ಯಾವುದೂ ಚೊಕ್ಕ ಮಾಡಲಿಲ್ಲ. ಮುಗಿಯುವಷ್ಟರಲ್ಲಿ ಕಾಫಿ ಇಳಿದಿರುತ್ತದೆ. ನಿಜ ಹೇಳಬೇಕೆಂದರೆ ಈಗ ಆ ಹದಿನೈದು ನಿಮಿಷ ತಪ್ಪಿದರೆ ದಿನವೆಲ್ಲ ಏನೋ ಕಳೆದುಕೊಂಡಂತಾಗುತ್ತದೆ.

ಗಾಜಿನದು ಇಷ್ಟಾದರೆ ಲೋಹದ್ದು ಬೇರೆಯೇ ಕತೆ. ಎರಡು ಏಸಿಗಳ ಗ್ಯಾಸ್ ನಾಲ್ಕು ವರ್ಷದಲ್ಲಿ ಮೂರು ಸಲ ಸೋರಿದೆ. ಹೊರಗಿನ ಪೆಟ್ಟಿಗೆಯಲ್ಲಿ ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ರೆಕ್ಕೆ ಇರುತ್ತದೆ. ಎರಡು ಲೋಹದ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಪುಡಿಪುಡಿ ಆಗುತ್ತದೆ, ಬೆರಳು ತಾಗಿಸಿದರೆ ಬೂದಿಯಂತೆ ಉದುರುತ್ತದೆ. ಅಡುಗೆಮನೆ ಕಪಾಟಿನ ಹಿಂಜ್‌ಗಳಿಗೂ ತುಕ್ಕು. 'ಸ್ಟೇನ್‌ಲೆಸ್' ಎಂದು ಬರೆದದ್ದನ್ನು ನಂಬಬೇಡಿ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 304 ನಂಬರಿನದು. ಕಡಲ ದಂಡೆಗೆ ಬೇಕಾದದ್ದು ಮಾಲಿಬ್ಡಿನಮ್ ಸೇರಿಸಿದ 316. ಮನೆ ಮಾಲೀಕರಿಗೆ ಇದನ್ನು ಹೇಳಿದರೆ "ಅದು ನಿಮ್ಮ ಬಳಕೆಯಿಂದ ಆದದ್ದು" ಎನ್ನುತ್ತಾರೆ. ಹಿಂಜನ್ನು ನಾನು ಬಳಸಿ ಬಳಸಿ ತುಕ್ಕು ಹಿಡಿಸಿದೆನಂತೆ!

ಹೆಂಡತಿ ಕುಂದಾಪುರದವಳು. ಅವಳಿಗೆ ಇದೆಲ್ಲ ನಗು. "ಕಡ್ಲ್ ಗಾಳಿಗ್ ಕಬ್ಣ ಉಳಿತ್ತಾ ಮರಾಯ್ರೆ?" ಎನ್ನುತ್ತಾಳೆ. ಪಕ್ಕದ ಖಾರ್ ದಾಂಡಾದ ಕೋಳಿ ಜನಾಂಗದ ಮೀನುಗಾರರು ಬಿದಿರಿನ ಸಾಲುಗಳಲ್ಲಿ ಬೊಂಬಿಲ್ ಮೀನು ಒಣಹಾಕಿದಾಗ ಕಟ್ಟಡದ ಅರ್ಧ ಜನ ಕಿಟಕಿ ಮುಚ್ಚಿಕೊಳ್ಳುತ್ತಾರೆ. ಇವಳು ತೆರೆಯುತ್ತಾಳೆ, ತವರಿನ ವಾಸನೆಯಂತೆ. ನನಗಂತೂ ಮೀನಿಗಿಂತ, ನೀರು ಇಳಿದಾಗ ಬರುವ ನಾಲೆಯ ನಾತವೇ ಜಾಸ್ತಿ ತೊಂದರೆ. ಶನಿವಾರ ರಾತ್ರಿ ಬೈಕುಗಳ ಗಲಾಟೆ ಬೇರೆ.

ಇಷ್ಟೊತ್ತಿಗೆ ಬಿಟ್ಟು ಹೋಗಿರಬೇಕಿತ್ತು. ಹೋದ ವರ್ಷ ಅವ್ವ ಬಂದು ಎರಡು ತಿಂಗಳು ಇದ್ದಳು, ಅಲ್ಲೇ ಎಡವಟ್ಟಾಯಿತು. ಸಮುದ್ರ ನೋಡದವಳು. ಮೊದಲ ದಿನ ಮೆತ್ತಗಾದ ರೊಟ್ಟಿ ಮುಟ್ಟಿ ನೋಡಿ, "ಇಷ್ಟ್ ರೊಕ್ಕಾ ಕೊಟ್ಟು ರೊಟ್ಟಿ ಮೆತ್ತಗ ಮಾಡ್ಕೊಳ್ಳಾಕ ಇಲ್ಲಿಗೆ ಬಂದೇನಪಾ?" ಎಂದಳು. ವಾರದ ಮೇಲೆ ಬಾಲ್ಕನಿ ಕುರ್ಚಿ ಬಿಟ್ಟು ಏಳುತ್ತಲೇ ಇರಲಿಲ್ಲ. ನೀರು ಏರುವ ಹೊತ್ತು ದಿನಕ್ಕೆ ಮುಕ್ಕಾಲು ತಾಸಿಗೂ ಸ್ವಲ್ಪ ಹೆಚ್ಚು ತಡವಾಗುತ್ತದೆ ಎಂಬುದನ್ನು ಯಾರೂ ಹೇಳಿಕೊಡದೆ ತಾನೇ ಕಂಡುಹಿಡಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗುರುತು. ಹುಣ್ಣಿಮೆ, ಅಮಾಸಿಗೆ ನೀರು ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನೆತ್ತಿಯವರೆಗೆ ಬರುತ್ತದೆ, ಇಳಿದಾಗ ಕರಿ ಬಂಡೆಗಳು ಎಮ್ಮೆ ಹಿಂಡಿನ ಹಾಗೆ ಎದ್ದು ನಿಲ್ಲುತ್ತವೆ. ಎಮ್ಮೆ ಎಂದದ್ದೂ ಅವಳೇ. ನಾಲ್ಕು ವರ್ಷ ಗಾಜು ಒರೆಸಿದ ನಾನು ಇದನ್ನು ನೋಡಿಯೇ ಇರಲಿಲ್ಲ.

ಈಗ ಮನೆ ನೋಡಲು ಬರುವವರು ಇನ್ನೊಂದು ವಿಷಯ ತಿಳಿದಿರಲಿ. ವರ್ಸೋವಾ-ಬಾಂದ್ರಾ ಸೀ ಲಿಂಕ್ ಕೆಲಸ ಎದುರಿನ ನೀರಿನಲ್ಲೇ ನಡೆದಿದೆ. 17 ಕಿಲೋಮೀಟರಿಗೂ ಉದ್ದದ ಸೇತುವೆ, ಅದರ ಒಂದು ಕೈ ಕಾರ್ಟರ್ ರೋಡಿಗೇ ಬಂದು ಸೇರುತ್ತದೆ. ಸೂರ್ಯ ಮುಳುಗುವಾಗ ಕ್ರೇನೂ ಚಿತ್ರದಲ್ಲಿ ಇರುತ್ತದೆ. ಸೇತುವೆ ಎದ್ದು ನಿಂತ ಮೇಲೆ ಮಾಲೀಕರು ಅದನ್ನೂ 'ವ್ಯೂ' ಎಂದು ಬಾಡಿಗೆಗೆ ಸೇರಿಸುತ್ತಾರೆ, ನೋಡಿ.

ಅಗ್ರಿಮೆಂಟ್ ಮುಂದಿನ ತಿಂಗಳು ಮುಗಿಯುತ್ತದೆ. ಮಾಲೀಕರು ಶೇಕಡಾ 10 ಏರಿಸುತ್ತಾರಂತೆ. ಹಿಂಜ್ ಬದಲಿಸಿ ಕೊಟ್ಟರೆ ನೋಡೋಣ ಎಂದಿದ್ದೇನೆ, ಉತ್ತರ ಬಂದಿಲ್ಲ. ಬ್ರೋಕರ್ ಚೆಂಬೂರಿನ ಎರಡು ಮನೆ ತೋರಿಸಿದ. ರೊಟ್ಟಿಗೆ ಒಳ್ಳೆಯ ಮನೆಗಳು. ಆದರೆ ಅವ್ವ ದಿನಾ ರಾತ್ರಿ ಫೋನ್ ಮಾಡಿ ಮೊದಲು ಕೇಳುವುದು ನನ್ನ ಊಟ ಅಲ್ಲ. "ನೀರು ಏರೇತೋ, ಇಳದೇತೋ?" ಕಿಟಕಿಗೆ ಹೋಗಿ ನೋಡಿ ಹೇಳಬೇಕು. ಉಪ್ಪು ಹಿಡಿದಿದ್ದರೆ ಮೊದಲು ಗಾಜು ಒರೆಸಬೇಕು.