20, 24, 36: ಕಾರವಾರದ ನೆಲಕ್ಕೆ ಯಾವ ಯುನಿಸೈಕಲ್?

ಯುನಿಸೈಕಲ್ ಅಂದರೆ ಒಂದೇ ಚಕ್ರದ ಸೈಕಲ್. 20, 24, 36 ಅನ್ನುವುದು ಅದರ ಚಕ್ರದ ಅಡ್ಡಳತೆ, ಇಂಚಿನಲ್ಲಿ. ಮೊದಲೇ ಹೇಳಿಬಿಡ್ತೀನಿ, ನನ್ನ ಓಟು 24 ಇಂಚಿನ ದಪ್ಪ ಟೈರಿನ ಗಾಡಿಗೆ. ನಮ್ಮ ಕಾರವಾರದ ಚಿಕ್ಕ ಗುಂಪಿನಲ್ಲಿ ಮೂರು ಪಂಗಡಗಳಿವೆ. 20 ಇಂಚಿನಲ್ಲಿ ಹಾಕಿ ಆಡುವವರು, 36 ಇಂಚಿನಲ್ಲಿ ಹೆದ್ದಾರಿ ಹಿಡಿಯುವವರು, 24ರಲ್ಲಿ ಹೊಯ್ಗೆ, ಗುಡ್ಡ, ತೋಟದ ದಾರಿ ಸುತ್ತುವವರು. ಮೂರನ್ನೂ ಓಡಿಸಿ ನೋಡಿದ್ದೇನೆ. ದುಡ್ಡು ಕೊಟ್ಟು ಕೊಂಡದ್ದು ಎರಡನ್ನು. 36ನ್ನು ಗೆಳೆಯರ ಹತ್ತಿರ ಕೇಳಿ ಓಡಿಸಿದ್ದು.

ಯುನಿಸೈಕಲ್ ಮೇಲೆ ಕೂತೇ ಆಡುವ ಹಾಕಿಯಿಂದ ಶುರು ಮಾಡೋಣ, ಹೊಸಬರೆಲ್ಲ ಅಲ್ಲಿಂದಲೇ ಬರುತ್ತಾರೆ. ಒಂದು ಕಡೆಗೆ ಐದು ಜನ, ಕೈಯಲ್ಲಿ ಐಸ್ ಹಾಕಿಯ ಕೋಲು, ಪುಟಿತ ಕಳೆದುಕೊಂಡ ಟೆನಿಸ್ ಚೆಂಡು. ಒಂದು ನಿಯಮ ನನಗೆ ತುಂಬ ಇಷ್ಟ: ನಿಮ್ಮ ಕೋಲಿನ ಮೇಲೆ ಎದುರಾಳಿಯ ಚಕ್ರ ಹತ್ತಿದರೆ ಫೌಲ್ ನಿಮ್ಮದೇ. ಬೇಕೆಂದು ಮಾಡಿದಿರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಬೀಳುವುದು ಕಡಿಮೆ, ಜಗಳವೂ ಕಡಿಮೆ. ಇಲ್ಲಿ ಚಿಕ್ಕ ಚಕ್ರವೇ ರಾಜ. ನಿಂತಲ್ಲೇ ಅರ್ಧ ಸುತ್ತು ಹಿಂದೆ, ಅರ್ಧ ಸುತ್ತು ಮುಂದೆ ತೂಗುತ್ತಾ ಕಾಯಬೇಕು, ತಟ್ಟನೆ ತಿರುಗಬೇಕು. ನನ್ನ 24 ಇದಕ್ಕೆ ಭಾರ. ನಿಯಮದ ಪ್ರಕಾರವೂ ಚಕ್ರ 24 ಇಂಚು ಮೀರುವಂತಿಲ್ಲ, ನನ್ನ ದಪ್ಪ ಟೈರು ಹಾಕಿದರೆ ಅಳತೆ 26ರ ಹತ್ತಿರ ಹೋಗುತ್ತದೆ. ಆಡಲು ನಯವಾದ ಸಿಮೆಂಟ್ ನೆಲ ಬೇಕು. ಮಳೆಗಾಲದಲ್ಲಿ ಹಾಲ್ ಸಿಕ್ಕಿದ ದಿನ ಮಾತ್ರ ಆಟ.

ಈಗ ನನ್ನ 20 ಇಂಚಿನ ಕಥೆ. ಆನ್‌ಲೈನ್‌ನಲ್ಲಿ ಆರೇಳು ಸಾವಿರಕ್ಕೆ ಬಂದದ್ದು. ಕಲಿಯಲು ಚೆನ್ನಾಗಿಯೇ ಇತ್ತು. ಸ್ವಲ್ಪ ದಿನಕ್ಕೆ ಎಡಗಾಲ ಕಡೆಯಿಂದ ಟಕ್ ಟಕ್ ಸದ್ದು ಶುರುವಾಯಿತು. ಪೆಡಲ್ ಇರಬೇಕೆಂದು ಬಿಗಿ ಮಾಡಿದೆ. ಸದ್ದು ಹೋಗಲಿಲ್ಲ. ಸಡಿಲವಾಗಿದ್ದದ್ದು ಕ್ರ್ಯಾಂಕ್, ಅಂದರೆ ಪೆಡಲನ್ನು ಚಕ್ರದ ನಡುವಿನ ಆ್ಯಕ್ಸಲ್‌ಗೆ ಸೇರಿಸುವ ತೋಳು.

ಯುನಿಸೈಕಲ್‌ನಲ್ಲಿ ಈ ತೊಂದರೆ ಯಾಕೆ ಜಾಸ್ತಿ ಅಂದರೆ, ಇದಕ್ಕೆ ಫ್ರೀವೀಲ್ ಇಲ್ಲ, ಪೆಡಲ್ ನಿಂತರೆ ಚಕ್ರವೂ ನಿಲ್ಲುತ್ತದೆ. ಸಾಮಾನ್ಯ ಸೈಕಲ್‌ನಲ್ಲಿ ಕಾಲಿನ ಒತ್ತಡ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಬೀಳುತ್ತದೆ. ಇಲ್ಲಿ ನಿಧಾನಿಸಲು, ನಿಲ್ಲಲು, ತೂಗಲು, ಎಲ್ಲದಕ್ಕೂ ಹಿಂದಕ್ಕೆ ಒತ್ತಬೇಕು. ಕ್ರ್ಯಾಂಕ್ ಕ್ಷಣಕ್ಷಣಕ್ಕೂ ಮುಂದೆ ಹಿಂದೆ ಎಳೆದಾಡುತ್ತದೆ. ಕಡಿಮೆ ಬೆಲೆಯ ಗಾಡಿಯಲ್ಲಿ ಆ್ಯಕ್ಸಲ್ ತುದಿ ಚೌಕಾಕಾರ, ನಾಲ್ಕೇ ಮುಖ. ಕೂದಲೆಳೆಯಷ್ಟು ಸಡಿಲವಾದಾಗಲೂ ಓಡಿಸುತ್ತಾ ಹೋದರೆ, ಕ್ರ್ಯಾಂಕಿನ ಚೌಕ ತೂತಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ಎರಡು ದಿನ ಅಷ್ಟೇ. ಕ್ರ್ಯಾಂಕನ್ನೇ ಬದಲಿಸಬೇಕು.

ಮಾರಿದವರಿಗೆ ಫೋನ್ ಮಾಡಿದರೆ, ಓಡಿಸಿದ ಮೇಲೆ ಗ್ಯಾರಂಟಿ ಇಲ್ಲ ಅಂದರು. ಓಡಿಸಲಿಕ್ಕೆ ತಾನೇ ಕೊಳ್ಳುವುದು? ಬಿಡಿ ಭಾಗವೂ ಅವರ ಹತ್ತಿರ ಇರಲಿಲ್ಲ. ಕಾರವಾರದ ಸೈಕಲ್ ಅಂಗಡಿಗಳಲ್ಲಿ ಸಿಗುವ ಕ್ರ್ಯಾಂಕ್ ಉದ್ದ, ಬಲಗಡೆಯದಕ್ಕೆ ಚೈನ್ ಚಕ್ರ ಬೇರೆ ಅಂಟಿಕೊಂಡಿರುತ್ತದೆ. ಕೊನೆಗೆ ಬೆಂಗಳೂರಿನಿಂದ ತರಿಸಬೇಕಾಯಿತು. ಹೊಸ 20 ತಂದವರಿಗೆ ಒಂದು ಮಾತು: ಮೊದಲ ದಿನವೇ ಕ್ರ್ಯಾಂಕ್ ಬೋಲ್ಟ್ ಪೂರ್ತಿ ಬಿಗಿ ಮಾಡಿಸಿ. 40 ನ್ಯೂಟನ್ ಮೀಟರ್ ಆಸುಪಾಸು ಬೇಕು. ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ವ್ರೆಂಚ್ ಇರುವ ಕಾರ್ ಮೆಕ್ಯಾನಿಕ್ ಹತ್ತಿರ ಹೋದರೆ ಐದು ನಿಮಿಷದ ಕೆಲಸ. ಮೊದಲ ತಿಂಗಳು ವಾರಕ್ಕೊಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿ. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಅದೂ ನೆನಪಿರಲಿ. ಸೀಟನ್ನು ಹಿಂದುಮುಂದಾಗಿ ಹಾಕಿಕೊಂಡು ಓಡಿಸಿದರೆ ಎಡ ಬಲ ಅದಲುಬದಲಾಗಿ ಪೆಡಲ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

36 ಇಂಚು ಬೇರೆಯೇ ಲೋಕ. ಗೇರ್ ಇಲ್ಲ, ಪೆಡಲ್ ಒಂದು ಸುತ್ತಿದರೆ ಚಕ್ರವೂ ಒಂದೇ ಸುತ್ತು. 20 ಇಂಚಿನಲ್ಲಿ ಒಂದು ಸುತ್ತಿಗೆ 1.6 ಮೀಟರ್, 36ರಲ್ಲಿ ಸುಮಾರು 2.9 ಮೀಟರ್. ಒಂದು ನಿಮಿಷಕ್ಕೆ ಪೆಡಲನ್ನು 90 ಸುತ್ತು ತಿರುಗಿಸಿದರೆ ಮೊದಲನೆಯದು ಗಂಟೆಗೆ ಒಂಬತ್ತು ಕಿಲೋಮೀಟರ್ ಮುಟ್ಟುವುದಿಲ್ಲ, ಎರಡನೆಯದು ಹದಿನೈದು ದಾಟುತ್ತದೆ. ಕಾರವಾರದಿಂದ ಅಂಕೋಲೆಗೆ ಹೋಗಿಬರುವವರು ಇದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ, ಅದು ಸರಿಯೇ. ಮುಂಜಾನೆ, ಬಲಕ್ಕೆ ಸಮುದ್ರ, ಎತ್ತರದ ಸೀಟು, ಚಕ್ರ ತಾನೇ ಉರುಳುತ್ತಿದೆ ಅನ್ನಿಸುವ ಆ ಲಯ ನಿಜಕ್ಕೂ ಸೊಗಸು. ಆದರೆ ಒಮ್ಮೆ ಇಳಿದರೆ ಮತ್ತೆ ಹತ್ತಲು ಓಡಿ ಹಾರಬೇಕು. ಹೆದ್ದಾರಿಯಲ್ಲಿ ಟಿಪ್ಪರ್‌ಗಳು ಪಕ್ಕದಲ್ಲಿ ನುಗ್ಗುವಾಗ ನನಗೆ ಅದು ಬೇಡ. ಇಳಿಜಾರಿಗೆ ಬ್ರೇಕ್ ಬೇಕೇ ಬೇಕು. ಬೆಲೆ ಕಸ್ಟಮ್ಸ್ ಎಲ್ಲ ಸೇರಿ ಲಕ್ಷದ ಹತ್ತಿರ, ನನ್ನ ಸಂಬಳಕ್ಕೆ ಅದು ಆಗದ ಮಾತು.

ಇನ್ನು ನನ್ನ 24. ಊರು ಬಿಟ್ಟು ಹೋಗುತ್ತಿದ್ದವರೊಬ್ಬರಿಂದ 22 ಸಾವಿರಕ್ಕೆ ಕೊಂಡೆ. ಟೈರು ಮೂರು ಇಂಚು ಅಗಲ. ಆ್ಯಕ್ಸಲ್‌ಗೆ ಚೌಕ ತುದಿ ಅಲ್ಲ, ಹತ್ತು ಹಲ್ಲುಗಳಿವೆ, ಕ್ರ್ಯಾಂಕ್ ಅವುಗಳಲ್ಲಿ ಕಚ್ಚಿ ಕೂರುತ್ತದೆ. ಇವತ್ತಿನವರೆಗೂ ಟಕ್ ಎಂದಿಲ್ಲ. ನನಗೆ ಅದೊಂದೇ ಸಾಕಿತ್ತು.

ಆದರೆ ಇದು ಕೊಟ್ಟದ್ದು ಅಷ್ಟೇ ಅಲ್ಲ. ಟಾಗೋರ್ ಕಡಲತೀರದಲ್ಲಿ ಇಳಿತದ ಹೊತ್ತಿಗೆ ನೀರಂಚಿನ ಹೊಯ್ಗೆ ಸಾರಿಸಿದ ಅಂಗಳದ ಹಾಗೆ ಗಟ್ಟಿಯಾಗುತ್ತದೆ. ಟೈರಿನ ಗಾಳಿಯನ್ನು 15 ಪಿಎಸ್‌ಐಗೆ ಇಳಿಸಿದರೆ ಅದರ ಮೇಲೆ ಎಲ್ಲಿಯವರೆಗೆ ಬೇಕಾದರೂ ಹೋಗಬಹುದು. ಅದೇ ಜಾಗದಲ್ಲಿ 20 ಇಂಚಿನ ಸಪೂರ ಟೈರು ಮೆತ್ತನೆ ತೇಪೆ ಸಿಕ್ಕ ಕೂಡಲೇ ಹೂತು ನಿಲ್ಲುತ್ತದೆ. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚ್‌ಗೆ ಗುಡ್ಡದ ಮೇಲೆ ಹೋಗುವ ಚಿರೇಕಲ್ಲಿನ ದಾರಿ, ಶಿರಸಿ ಕಡೆಯ ಅಡಿಕೆ ತೋಟದ ಅಂಚು, ಬೇರು ತುಂಬಿದ ಕಾಲುದಾರಿ, ಇವೆಲ್ಲ ಇದರಲ್ಲೇ ಸಾಧ್ಯ. ಬೇರು ಎದುರಾದರೆ ಸೀಟಿನ ಹಿಡಿಕೆ ಹಿಡಿದು, ಮೈ ಎತ್ತಿ, ಒಂದು ಬಲವಾದ ತುಳಿತ. ದಾಟಿದಾಗ ಆಗುವ ಖುಷಿ ಹಾಕಿಯ ಗೋಲಿಗಿಂತ ಜಾಸ್ತಿ. ಟಾರ್ ರಸ್ತೆಯಲ್ಲಿ ಮಾತ್ರ ಇದು ನಿಧಾನ, 36ರವರ ಜೊತೆ ಹೋದರೆ ಹಿಂದೆ ಉಳಿಯುವುದು ಖಂಡಿತ. ಮಳೆಗಾಲದಲ್ಲಿ ತೋಟದ ಕಡೆ ಉಂಬಳ ಕಾಟ. ಪೆಡಲಿನ ಮೊಳೆಗಳು ಮೊಣಕಾಲ ಕೆಳಗೆ ಕುಯ್ಯುತ್ತವೆ, ಫುಟ್‌ಬಾಲ್ ಆಡುವವರು ಹಾಕುವ ಶಿನ್ ಗಾರ್ಡ್ ಸಾಕು.

ಕಡಲತೀರದಿಂದ ಬಂದ ಕೂಡಲೇ ಸಿಹಿನೀರಲ್ಲಿ ತೊಳೆದು ಒರೆಸಲೇಬೇಕು. ನಮ್ಮ ಉಪ್ಪುಗಾಳಿಗೆ ಸೀಟ್ ಪೋಸ್ಟ್, ಅಂದರೆ ಸೀಟಿನ ಕಂಬ, ಕೊಳವೆಯೊಳಗೇ ತುಕ್ಕು ಹಿಡಿದು ಕೂತುಬಿಡುತ್ತದೆ. ತಿಂಗಳಿಗೊಮ್ಮೆ ಹೊರತೆಗೆದು ಗ್ರೀಸ್ ಹಚ್ಚಿ. ಇದು ಮೂರೂ ಗಾಡಿಗೆ ಒಂದೇ.

ನನಗೆ ಸಿಗುವುದು ಸಂಜೆ ಒಂದು ಗಂಟೆ ಮತ್ತು ಭಾನುವಾರ. ಮನೆಯಿಂದ ಕಡಲು ಹತ್ತಿರ. ಹಾಗಾಗಿ 24. ನಿಮಗೆ ಹತ್ತಿರದಲ್ಲಿ ಒಳ್ಳೆಯ ಹಾಲ್ ಇದ್ದು, ಆಡಲು ಜನ ಇದ್ದರೆ 20 ತೆಗೆದುಕೊಳ್ಳಿ, ಆದರೆ ಕ್ರ್ಯಾಂಕ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿಯೇ ದುಡ್ಡು ಕೊಡಿ. ನನ್ನ ಹಳೆಯ 20 ಈಗ ಹೊಸ ಕ್ರ್ಯಾಂಕ್ ಹಾಕಿಸಿಕೊಂಡು ಗುಂಪಿನ ಸಾಮಾನಿನ ಜೊತೆ ಇದೆ. ಕಲಿಯಲು ಬಂದವರು ಅದರಲ್ಲೇ ಶುರು ಮಾಡುತ್ತಿದ್ದಾರೆ, ಹಾಕಿ ಇದ್ದ ದಿನ ನಾನೂ ಅದನ್ನೇ ಹತ್ತುತ್ತೇನೆ.