ಎರಡು ಹನಿ ಕಣ್ಣಿಗೆ, ಆರು ಹನಿ ಕಸದ ಬುಟ್ಟಿಗೆ: 14 ತಿಂಗಳು ಬಳಸಿದ ಮೇಲೆ

ಒಣಗಿದ ಕಣ್ಣಿಗೆ ತೇವ ಕೊಡುವ ಸೋಡಿಯಂ ಹೈಯಲುರೊನೇಟ್ 0.1% ಇರುವ, ಪ್ರಿಸರ್ವೇಟಿವ್ (ಸೂಕ್ಷ್ಮಾಣು ಬೆಳೆಯದಂತೆ ಸೇರಿಸುವ ರಾಸಾಯನಿಕ) ಇಲ್ಲದ ಕಣ್ಣಿನ ಹನಿ. ಒಂದು ಸಲಕ್ಕೆ ಒಂದರಂತೆ ತಲೆ ತಿರುಚಿ ಮುರಿಯುವ ಪುಟ್ಟ ವಯಲ್‌ಗಳಲ್ಲಿ ಬರುತ್ತದಲ್ಲ, ಅದರ ಬಗ್ಗೆ ಬರೆಯುತ್ತಿದ್ದೇನೆ. ಕಂಪನಿ ಹೆಸರು ಬರೆಯುತ್ತಿಲ್ಲ. ಅಂಗಡಿಯಲ್ಲಿ ಯಾವುದಿತ್ತೋ ಅದನ್ನು ತಂದು ಮೂರು ಕಂಪನಿಯವು ಬಳಸಿಯಾಗಿದೆ, ನನ್ನ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ನನ್ನ ಪವರ್ ಮೈನಸ್ ಎಂಟೂವರೆ. ಶಾಲೆಯಲ್ಲಿ ಸೋಡಾಬುಡ್ಡಿ ಅಂತ ಕರೆಸಿಕೊಂಡು ಬೆಳೆದವಳು. ಕಾಂಟ್ಯಾಕ್ಟ್ ಲೆನ್ಸ್ ಹಾಕಿದ ಮೊದಲ ದಿನ ಕತ್ತು ತಿರುಗಿಸದೆ ಪಕ್ಕದಲ್ಲಿ ಬರುತ್ತಿದ್ದ ಆಟೋ ಕಂಡಿತು. ಆ ಖುಷಿ ಇನ್ನೂ ಮರೆತಿಲ್ಲ. ಹಾಗಾಗಿ 'ಕಣ್ಣು ಕೆಂಪಾದರೆ ಲೆನ್ಸ್ ಬಿಟ್ಟುಬಿಡಿ' ಅನ್ನುವ ಸಲಹೆ ನನಗೆ ಉಪಯೋಗಕ್ಕೆ ಬರುವುದಿಲ್ಲ. ಮನೆ ವಿಜಯನಗರ, ಕೆಲಸ ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ. ಸ್ಕೂಟರ್‌ನಲ್ಲಿ ಕಾರ್ಡ್ ರೋಡ್ ಹಿಡಿದು ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಹೆಲ್ಮೆಟ್ ಗಾಜಿನ ಒಳಗೂ ಧೂಳು. ಅಲ್ಲಿಂದ ಮುಂದೆ ದಿನವಿಡೀ ನೆತ್ತಿಯ ಮೇಲೆ ಎಸಿ, ಎದುರಿಗೆ ಎರಡು ಸ್ಕ್ರೀನ್.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕಣ್ಣಲ್ಲಿ ರಾಗಿ ಹಿಟ್ಟು ಬಿದ್ದ ಹಾಗೆ ಆಗುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಬಿಳಿ ಭಾಗದ ತುಂಬ ಕೆಂಪು ಗೆರೆ. 'ಮದ್ರಾಸ್ ಐ ಬಂದಿದೆಯೇನ್ರೀ?' ಅಂತ ಪಕ್ಕದ ಸೀಟಿನವರು ಕುರ್ಚಿ ಅತ್ತ ಸರಿಸಿಕೊಂಡರು. ಆ ಸಂಜೆಯೇ ಮೆಡಿಕಲ್ ಶಾಪ್‌ನಲ್ಲಿ ಕೇಳಿದೆ. 'ಕೆಂಪು ಹೋಗೋಕೆ ಇದು ಹಾಕಿ ಮೇಡಂ' ಅಂತ ಒಂದು ಸಣ್ಣ ಬಾಟಲಿ ಕೊಟ್ಟರು.

ಆ ಬಾಟಲಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಐದು ನಿಮಿಷದಲ್ಲಿ ಕಣ್ಣು ಬೆಳ್ಳಗೆ, ಮದುವೆ ಮನೆಗೆ ಹೊರಟ ಹಾಗೆ. ಎರಡು ಮೂರು ಗಂಟೆ ಕಳೆದರೆ ಮೊದಲಿಗಿಂತ ಹೆಚ್ಚು ಕೆಂಪು. ಮತ್ತೆ ಹಾಕಿದೆ, ಮತ್ತೆ ಕೆಂಪಾಯಿತು. ಹೀಗೇ ಎರಡು ತಿಂಗಳು. ಅದರಲ್ಲಿದ್ದದ್ದು ನ್ಯಾಫಜೊಲಿನ್. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಕೆಂಪು ಮರೆಯಾಗುತ್ತದೆ. ಬಿಗಿ ಬಿಟ್ಟಾಗ ನಾಳಗಳು ಇನ್ನೂ ಹಿಗ್ಗುತ್ತವೆ. ಕೆಂಪು ಬಂದದ್ದೇಕೆ ಅನ್ನುವುದಕ್ಕೆ ಅದು ಏನೂ ಮಾಡುವುದಿಲ್ಲ. ಜೊತೆಗೆ ಪ್ರಿಸರ್ವೇಟಿವ್ ಆಗಿ ಬೆಂಜಾಲ್ಕೋನಿಯಂ ಕ್ಲೋರೈಡ್ ಇತ್ತು. ಸಾಫ್ಟ್ ಲೆನ್ಸ್ ಅದನ್ನು ಸ್ಪಂಜಿನಂತೆ ಹೀರಿಕೊಂಡು, ಕಣ್ಣಿಗೆ ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತಿರುತ್ತದೆ. ನಾನು ಲೆನ್ಸ್ ತೆಗೆಯದೆಯೇ ಅದನ್ನು ಹಾಕುತ್ತಿದ್ದೆ. ಬಾಟಲಿಯ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ 'ಲೆನ್ಸ್ ಹಾಕಿದಾಗ ಬಳಸಬಾರದು' ಅಂತ ಇತ್ತು. ಮೈನಸ್ ಎಂಟೂವರೆಯವರಿಗೆ ಇಂಥದ್ದನ್ನು ಅಷ್ಟು ಸಣ್ಣದಾಗಿ ಅಚ್ಚು ಹಾಕುವುದು ಅನ್ಯಾಯ.

ಕೊನೆಗೆ ಕಣ್ಣಿನ ಡಾಕ್ಟರ್ ಹತ್ತಿರ ಹೋದೆ. ಕಣ್ಣಿಗೆ ಹಳದಿ ಬಣ್ಣ ಮುಟ್ಟಿಸಿ, ನೀಲಿ ಬೆಳಕಿನಲ್ಲಿ ನೋಡಿ, ಕಾರ್ನಿಯಾ ಮೇಲೆ, ಅಂದರೆ ಕಣ್ಣಿನ ಕಪ್ಪು ಭಾಗದ ಮೇಲಿರುವ ಗಾಜಿನಂಥ ಪದರದ ಮೇಲೆ, ಚುಕ್ಕೆ ಚುಕ್ಕೆಯಾಗಿ ಹಸಿರು ಹೊಳೆಯುತ್ತಿದೆ ಅಂದರು. ಒಣಗಿ, ಉಜ್ಜಿ ತರಚಿದ ಜಾಗಗಳವು. 'ಕಾರ್ನಿಯಾಗೆ ರಕ್ತನಾಳ ಇಲ್ಲಮ್ಮ, ಅದು ಉಸಿರಾಡೋದು ಗಾಳಿಯಿಂದ. ನೀವು ದಿನಕ್ಕೆ 14 ಗಂಟೆ ಅದರ ಮೇಲೆ ಮುಚ್ಚಳ ಇಟ್ಟಿದ್ದೀರಿ.' ಹತ್ತು ದಿನ ಬರೀ ಕನ್ನಡಕ. ಆಮೇಲೆ ಆಮ್ಲಜನಕವನ್ನು ಹೆಚ್ಚು ಒಳಕ್ಕೆ ಬಿಡುವ ಸಿಲಿಕೋನ್ ಹೈಡ್ರೋಜೆಲ್ ಲೆನ್ಸ್, ಜೊತೆಗೆ ಈ ವಯಲ್.

ಆ ಹತ್ತು ದಿನ ನಮ್ಮತ್ತೆ ರಾತ್ರಿ ನಂದಿಬಟ್ಟಲು ಹೂವು ತಣ್ಣೀರಲ್ಲಿ ಹಾಕಿಟ್ಟು, ಮಲಗುವಾಗ ಮುಚ್ಚಿದ ರೆಪ್ಪೆಯ ಮೇಲೆ ಇಡುತ್ತಿದ್ದರು. ಹಿತವಾಗಿತ್ತು, ನಿಜ. 'ಹೂವಿನ ರಸ ಒಂದ್ ತೊಟ್ಟು ಒಳಕ್ಕೂ ಬಿಡ್ತೀನಿ ಕಣಮ್ಮ' ಅಂದಾಗ ಮಾತ್ರ ಕೈ ಹಿಡಿದು ಬೇಡ ಅತ್ತೆ ಅಂದೆ. ರೆಪ್ಪೆಯ ಮೇಲೆ ತಂಪು ಇಡುವುದು ಬೇರೆ, ತರಚಿದ ಕಣ್ಣೊಳಗೆ ಹೂವಿನ ರಸ ಬಿಡುವುದು ಬೇರೆ.

ಈಗ ವಯಲ್ ವಿಷಯ. ನಾಲ್ಕು ಗಂಟೆ, ಆಫೀಸಿನ ಹುಡುಗ ಟೀ ತರುವ ಸ್ವಲ್ಪ ಮುಂಚೆ. ಸೋಪು ಹಾಕಿ ಕೈ ತೊಳೆದು, ಮಾವನವರ ಹಳೇ ಪಂಚೆಯಿಂದ ಕತ್ತರಿಸಿಕೊಂಡ ತುಂಡಿನಲ್ಲಿ ಒರೆಸಿಕೊಳ್ಳುತ್ತೇನೆ. ಟವೆಲ್ ಆದರೆ ಎಳೆ ಬಿಡುತ್ತದೆ, ಬೆರಳಿಂದ ಲೆನ್ಸಿಗೆ ಅಂಟುತ್ತದೆ. ವಯಲ್‌ನ ತಲೆ ತಿರುಚಿದರೆ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಮೊದಲ ತೊಟ್ಟನ್ನು ಟಿಶ್ಯೂ ಮೇಲೆ ಬೀಳಿಸುತ್ತೇನೆ; ಮುರಿದ ತುದಿಯ ಪ್ಲಾಸ್ಟಿಕ್ ಚೂರಿದ್ದರೆ ಅದರ ಜೊತೆ ಹೋಗಲಿ. ಆಮೇಲೆ ತಲೆ ಹಿಂದಕ್ಕೆ, ಕೆಳರೆಪ್ಪೆ ಮೆಲ್ಲಗೆ ಕೆಳಕ್ಕೆ. ಹನಿ ಬಿದ್ದ ಕ್ಷಣ ಉರಿ ಇಲ್ಲ, ಕಹಿ ಗಂಟಲಿಗೆ ಇಳಿಯುವುದಿಲ್ಲ. ಬಿರುಕು ಬಿಟ್ಟ ಕೆರೆಗೆ ಮೊದಲ ಮಳೆಯ ನೀರು ಬಂದ ಹಾಗೆ. ನಾಲ್ಕಾರು ಸಲ ಪೂರ್ತಿ ರೆಪ್ಪೆ ಬಡಿಯುತ್ತೇನೆ. ಮಾಮೂಲಾಗಿ ನಿಮಿಷಕ್ಕೆ 15 ಸಲದ ಆಸುಪಾಸು ಬಡಿಯುವ ರೆಪ್ಪೆ ಸ್ಕ್ರೀನ್ ಮುಂದೆ ಅದರ ಅರ್ಧಕ್ಕೂ ಇಳಿಯುತ್ತದಂತೆ. ಲೆಕ್ಕದ ಸಾಲು ನೋಡುವಾಗ ನಾನು ಅಷ್ಟೂ ಬಡಿಯುತ್ತೇನೋ ಇಲ್ಲವೋ. ಹನಿ ಹಾಕಿದ ಮೇಲೆ ಆ ಎರಡು ನಿಮಿಷ ಕಿಟಕಿಯಾಚೆ, ದೂರದ ನೀಲಗಿರಿ ಮರ ನೋಡುತ್ತ ಕೂರುವುದು ಅಭ್ಯಾಸವಾಗಿದೆ. ದಿನದಲ್ಲಿ ನಾನು ಕಾಯುವ ಹೊತ್ತು ಅದು.

ಕೆಂಪು ಐದು ನಿಮಿಷದಲ್ಲಿ ಹೋಗುವುದಿಲ್ಲ. ಅದನ್ನು ಬಯಸುವವರಿಗೆ ಇದು ನಿರಾಸೆ. ನನಗೆ ಮೂರನೇ ವಾರದ ಹೊತ್ತಿಗೆ, ಒಂದು ಸಂಜೆ ಕನ್ನಡಿ ನೋಡಿದಾಗ, ಕೆಂಪು ಇಲ್ಲ ಅಂತ ಗೊತ್ತಾಯಿತು.

ಅಷ್ಟು ಹಿತವಾಗಿದ್ದದ್ದೇ ಕಷ್ಟಕ್ಕೂ ಬಂತು. ಕಣ್ಣು ಒಣಗುತ್ತಿಲ್ಲ ಅಂದಮೇಲೆ ಲೆನ್ಸ್ ತೆಗೆಯುವ ನೆನಪೇ ಆಗುವುದಿಲ್ಲ. ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ಲೆನ್ಸ್, ದಿನಕ್ಕೆ ಐದು ವಯಲ್. ಮತ್ತೆ ಅದೇ ಕೆಂಪು. ಹನಿ ತೇವ ಕೊಡುತ್ತದೆ, ಆಮ್ಲಜನಕ ಕೊಡುವುದಿಲ್ಲ. ಈಗ ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟ ತಕ್ಷಣ ಲೆನ್ಸ್ ತೆಗೆಯುತ್ತೇನೆ, ಆಮೇಲೆಯೇ ಕಾಫಿ. ಭಾನುವಾರ ಇಡೀ ದಿನ ಸೋಡಾಬುಡ್ಡಿ.

ಲೆನ್ಸ್ ಡಬ್ಬಿಯನ್ನೂ ನಲ್ಲಿ ನೀರಿಗೆ ಹಿಡಿಯುವುದು ನಿಲ್ಲಿಸಿದೆ. ಕಾವೇರಿಯೋ ಬೋರ್‌ವೆಲ್ಲೋ ಆರ್‌ಒ ನೀರೋ, ಯಾವುದೂ ಬೇಡ. ನೀರಿನಲ್ಲಿರುವ ಅಕಾಂಥಮೀಬಾ ಅನ್ನುವ ಸೂಕ್ಷ್ಮಜೀವಿ ಲೆನ್ಸಿನ ಜೊತೆ ಕಣ್ಣು ಸೇರಿದರೆ ದೃಷ್ಟಿಗೇ ಕುತ್ತು. ಲೆನ್ಸ್ ಇಡುವ ಸೊಲ್ಯೂಷನ್‌ನಲ್ಲೇ ತೊಳೆದು, ಟಿಶ್ಯೂ ಮೇಲೆ ಬೋರಲು ಹಾಕಿ ಒಣಗಿಸುತ್ತೇನೆ, ಮೂರು ತಿಂಗಳಿಗೊಮ್ಮೆ ಡಬ್ಬಿ ಬದಲಿಸುತ್ತೇನೆ.

ಇನ್ನು ನನ್ನ ದೂರು. ಒಂದು ವಯಲ್‌ನಲ್ಲಿ 0.4 ಮಿ.ಲೀ. ಇದೆ. ಒಂದು ಹನಿ 0.05 ಮಿ.ಲೀ. ಅಂತ ಇಟ್ಟುಕೊಂಡರೂ ಎಂಟು ಹನಿ. ಎರಡು ಕಣ್ಣಿಗೆ ಎರಡು. ಟಿಶ್ಯೂ ಮೇಲಿನ ತೊಟ್ಟೂ ಸೇರಿ ಉಳಿದ ಆರು ಕಸದ ಬುಟ್ಟಿಗೆ. ಒಮ್ಮೆ ತೆರೆದರೆ ಸೂಕ್ಷ್ಮಾಣು ತಡೆಯುವುದಕ್ಕೆ ಅದರಲ್ಲಿ ಏನೂ ಇಲ್ಲ, ಎತ್ತಿಡುವಂತಿಲ್ಲ. ಕಾರಣ ಚೆನ್ನಾಗಿ ಗೊತ್ತು. ಆದರೂ ಹಾಲಿನ ಪ್ಯಾಕೆಟ್ ಕತ್ತರಿಸಿ ಒಳಗಿನ ಕೊನೆಯ ಹನಿಗೂ ನೀರು ಹಾಕಿ ಅಲುಗಾಡಿಸುವ ಮನೆಯಲ್ಲಿ ಬೆಳೆದವಳಿಗೆ ದಿನವೂ ಹೊಟ್ಟೆ ಉರಿಯುತ್ತದೆ. 30 ವಯಲ್‌ನ ಡಬ್ಬಿಗೆ ನಾನು ಕೊಡುವುದು 400 ರೂಪಾಯಿಯ ಆಸುಪಾಸು. ದಿನಕ್ಕೆ ಎರಡರಂತೆ ತಿಂಗಳಿಗೆ ಎರಡು ಡಬ್ಬಿ, ನನ್ನ ಪೆಟ್ರೋಲ್ ಖರ್ಚಿನ ಅರ್ಧದಷ್ಟು. ತಿಂಗಳಿಗೆ 60 ಪ್ಲಾಸ್ಟಿಕ್ ತುಂಡು ಬೇರೆ.

ಸೂಕ್ಷ್ಮಾಣು ಒಳಹೋಗದಂತೆ ತಡೆಯುವ ಕವಾಟ ಇರುವ, ಪ್ರಿಸರ್ವೇಟಿವ್ ಇಲ್ಲದ ದೊಡ್ಡ ಬಾಟಲಿಯನ್ನೂ ಒಂದು ತಿಂಗಳು ನೋಡಿದೆ. ಖರ್ಚು ಕಡಿಮೆ, ಹಾಳಾಗುವುದೂ ಕಡಿಮೆ. ಆದರೆ ಅದನ್ನು ಒತ್ತಲು ಬೇಕಾದ ಬಲಕ್ಕೆ ಕೈ ನಡುಗಿ ಹನಿ ಕೆನ್ನೆಗೆ ಬೀಳುತ್ತಿತ್ತು. ಬೆರಳಲ್ಲಿ ಶಕ್ತಿ ಇರುವವರು ಅದನ್ನೇ ಕೊಳ್ಳಿ. ನಾನು ವಯಲ್‌ಗೆ ಮರಳಿದೆ.

ಕೆಂಪಿನ ಜೊತೆ ನೋವು, ಬೆಳಕು ಚುಚ್ಚುವುದು, ಮಂಜು, ಪಿಸುರು ಇವುಗಳಲ್ಲಿ ಒಂದಿದ್ದರೂ ಈ ಹನಿ ಹಾಕುತ್ತ ಕಾಯಬೇಡಿ. ಲೆನ್ಸ್ ತೆಗೆದು, ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಿ. ಉಳಿದಂತೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. 0.2 ಮಿ.ಲೀ. ವಯಲ್ ಯಾರಾದರೂ ನಮ್ಮ ಕಡೆ ಮಾರುತ್ತಿದ್ದರೆ ದಯವಿಟ್ಟು ತಿಳಿಸಿ, ಇದೇ ಬೆಲೆಯಾದರೂ ಅದನ್ನೇ ತರುತ್ತೇನೆ.