ಚಾವಡಿಯ ರೂಟರ್, ಒಳಕೋಣೆಯ ಟಿವಿ: ಒಂಬತ್ತು ತಿಂಗಳ ಬಳಕೆಯ ನಂತರ

ಕಳೆದ ದೀಪಾವಳಿಯ ರಿಯಾಯಿತಿಯಲ್ಲಿ ಕೊಂಡ 43 ಇಂಚಿನ 4ಕೆ ಸ್ಮಾರ್ಟ್ ಟಿವಿಯೊಂದನ್ನು ಒಂಬತ್ತು ತಿಂಗಳು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಚಿತ್ರದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಣ್ಣಗಳು ಸಹಜವಾಗಿವೆ, ಹಗಲು ಬೆಳಕಿನಲ್ಲೂ ಪರದೆ ಮಂಕಾಗುವುದಿಲ್ಲ, ಧ್ವನಿ ಮಾತ್ರ ಡಬ್ಬಿಯೊಳಗಿಂದ ಬಂದಂತಿದೆ. ನಾನು ವಿವರವಾಗಿ ಬರೆಯಬೇಕೆಂದಿರುವುದು ಈ ಟಿವಿ ಮನೆಯ ವೈಫೈಗೆ ಸೇರಿಕೊಳ್ಳುವ, ಸೇರಿದ ಮೇಲೆ ಅಲ್ಲಿಯೇ ನಿಲ್ಲುವ ಅಥವಾ ನಿಲ್ಲದಿರುವ ಬಗೆಯನ್ನು ಕುರಿತು. ಅಂಗಡಿಯಲ್ಲಿ ಯಾರೂ ತೋರಿಸದ, ಪೆಟ್ಟಿಗೆಯ ಮೇಲೆ ಒಂದೇ ಪದದಲ್ಲಿ ಮುಗಿಸಿಬಿಡುವ ಈ ಭಾಗವೇ ನನ್ನ ಒಂಬತ್ತು ತಿಂಗಳಲ್ಲಿ ಹೆಚ್ಚು ಹೊತ್ತನ್ನು ತಿಂದಿದೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಇದೇ ಬೆಲೆಯ ಬೇರೆ ಎರಡು ಕಂಪನಿಗಳ ಟಿವಿಗಳಲ್ಲಿಯೂ, ನೆಂಟರ ಮನೆಗಳಲ್ಲಿ, ಹೆಚ್ಚುಕಡಿಮೆ ಇದೇ ತೊಂದರೆಗಳನ್ನು ಕಂಡಿದ್ದೇನೆ.

ನಮ್ಮ ಮನೆ ಕುಂದಾಪುರದ ಸಮೀಪದ ಹಳ್ಳಿಯಲ್ಲಿದೆ. ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡು. ರಸ್ತೆಯ ಕಂಬದಿಂದ ಎಳೆದ ಫೈಬರ್ ಕೇಬಲ್ ಚಾವಡಿಯ ಕಿಟಕಿಯ ಸಂದಿನಿಂದ ಒಳಗೆ ಬರುತ್ತದೆ. ಕೇಬಲ್ ಎಲ್ಲಿ ಒಳಬಂದಿತೋ ಅಲ್ಲಿಯೇ, ಕಿಟಕಿಯ ದಂಡೆಯ ಮೇಲೆ, ಇಂಟರ್ನೆಟ್ ಸಂಸ್ಥೆಯವರು ರೂಟರ್ ಇಟ್ಟು ಹೋಗಿದ್ದಾರೆ. ಟಿವಿ ಇರುವುದು ಅಮ್ಮ ಮಲಗುವ ಒಳಕೋಣೆಯಲ್ಲಿ. ನಡುವೆ ಎರಡು ಗೋಡೆಗಳಿವೆ, ಜೊತೆಗೆ ಅಜ್ಜನ ಕಾಲದ ಒಂದು ಉಕ್ಕಿನ ಕಪಾಟು. ಈ ಕಪಾಟಿನ ಪಾತ್ರ ಏನೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಟಿವಿಯನ್ನು ಗೋಡೆಗೆ ಜೋಡಿಸಲು ಬಂದ ಹುಡುಗ ಕೆಲಸದಲ್ಲಿ ಚುರುಕಾಗಿದ್ದ. ಅರ್ಧ ಗಂಟೆಯಲ್ಲಿ ಬ್ರಾಕೆಟ್ ಕೂರಿಸಿ, ಟಿವಿ ತೂಗಿಸಿ, ದಿನಾಂಕ ಮತ್ತು ಸಮಯವನ್ನು ಕೈಯಿಂದಲೇ ತುಂಬಿ, ಯೂಟ್ಯೂಬ್ ತೆರೆದು ಒಂದು 4ಕೆ ಜಲಪಾತವನ್ನು ತೋರಿಸಿದ. "ನೋಡಿ ಸರ್, ನೆಟ್ ಫಸ್ಟ್ ಕ್ಲಾಸ್ ಬರ್ತಾ ಉಂಟು" ಎಂದು ಸಹಿ ಹಾಕಿಸಿಕೊಂಡು ಹೊರಟ. ಅವನ ಬೈಕು ಗೇಟು ದಾಟಿದೊಡನೆ ಜಲಪಾತ ನಿಂತಿತು. ಟಿವಿ ಸೇರಿದ್ದು ನಮ್ಮ ವೈಫೈಗಲ್ಲ, ಅವನ ಅಂಗಿಯ ಜೇಬಿನಲ್ಲಿದ್ದ ಮೊಬೈಲಿನ ಹಾಟ್‌ಸ್ಪಾಟ್‌ಗೆ. ಎರಡಡಿ ದೂರದ ಮೊಬೈಲಿನಿಂದ ಯಾವ ಟಿವಿಯೂ ಚೆನ್ನಾಗಿಯೇ ಓಡುತ್ತದೆ. ಅಳವಡಿಕೆಯ ಸೇವೆಗೆ ನಾನು ಅಂಕ ಕಡಿಮೆ ಕೊಡುತ್ತಿರುವುದು ಈ ಒಂದು ಕಾರಣಕ್ಕೆ: ಗ್ರಾಹಕನ ಮನೆಯ ರೂಟರಿಗೆ ಟಿವಿಯನ್ನು ಸೇರಿಸಿ ತೋರಿಸುವುದು ಅವರ ಕೆಲಸದ ಪಟ್ಟಿಯಲ್ಲಿಯೇ ಇಲ್ಲ.

ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ರೂಟರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಹನ್ನೆರಡು ಅಕ್ಷರಗಳ ಪಾಸ್‌ವರ್ಡ್ ಇತ್ತು. ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ನಡುವೆ ಒಂದು ಚಿಹ್ನೆ. ಈಗಿನ ರಿಮೋಟುಗಳಲ್ಲಿ ಅಂಕಿಗಳ ಗುಂಡಿಗಳೇ ಇಲ್ಲ. ಪರದೆಯ ಮೇಲಿನ ಕೀಲಿಮಣೆಯಲ್ಲಿ ಬಾಣದ ಗುಂಡಿಯಿಂದ ಒಂದೊಂದೇ ಅಕ್ಷರಕ್ಕೆ ನಡೆದುಕೊಂಡು ಹೋಗಬೇಕು, ದೊಡ್ಡಕ್ಷರಕ್ಕೆ ಮೂಲೆಗೆ ಹೋಗಿ ಮರಳಬೇಕು, ಬರೆದದ್ದು ಚುಕ್ಕಿಗಳಾಗಿ ಮಾತ್ರ ಕಾಣುತ್ತದೆ. ಚೀಟಿಯಲ್ಲಿರುವುದು ಸೊನ್ನೆಯೋ ಇಂಗ್ಲಿಷಿನ 'ಓ' ಅಕ್ಷರವೋ ಎಂಬ ಅನುಮಾನದಲ್ಲಿ ನಾನು ನಾಲ್ಕು ಬಾರಿ ಸೋತೆ. ಪಾಸ್‌ವರ್ಡಿನ ಸಾಲಿನ ಕೆಳಗೆ, ಬರೆದದ್ದನ್ನು ಕಾಣುವಂತೆ ಮಾಡುವ ಸಣ್ಣ ಚೌಕವೊಂದಿದೆ. ಮೊದಲು ಅದನ್ನು ಒತ್ತಿಕೊಳ್ಳಬೇಕು. ಅದಕ್ಕಿಂತ ಸುಲಭವಾದ ದಾರಿ ಕಂಪ್ಯೂಟರಿನ ಹಳೆಯ ಯುಎಸ್‌ಬಿ ಕೀಬೋರ್ಡನ್ನು ಟಿವಿಯ ಹಿಂಬದಿಗೆ ಸಿಕ್ಕಿಸುವುದು. ನಮ್ಮ ಟಿವಿ ಅದನ್ನು ತಕ್ಷಣ ಗುರುತಿಸಿತು, ಕೆಲಸ ಹತ್ತು ಸೆಕೆಂಡಿನಲ್ಲಿ ಮುಗಿಯಿತು. ಕೈಪಿಡಿಯಲ್ಲಿ ಇದರ ಉಲ್ಲೇಖವೇ ಇಲ್ಲ. ಮೊಬೈಲನ್ನೇ ರಿಮೋಟಿನಂತೆ ಬಳಸುವ ಆ್ಯಪ್ ಇದೆಯೆಂದು ಕೈಪಿಡಿ ಹೇಳುತ್ತದಾದರೂ ಆ ಆ್ಯಪ್ ನಡೆಯಲು ಮೊಬೈಲು ಮತ್ತು ಟಿವಿ ಮೊದಲೇ ಒಂದೇ ವೈಫೈನಲ್ಲಿರಬೇಕು!

ಅಂದು ಸಂಜೆಯೇ ಕರೆಂಟ್ ಹೋಗಿ ಬಂತು. ಟಿವಿ ಮತ್ತೆ ಹೊತ್ತಿಕೊಂಡಾಗ 'ಸಂಪರ್ಕಗೊಂಡಿದೆ, ಇಂಟರ್ನೆಟ್ ಇಲ್ಲ' ಎಂದು ತೋರಿಸಿತು. ಅದೇ ವೈಫೈನಲ್ಲಿ ಮೊಬೈಲು ನಿರಾತಂಕವಾಗಿ ನಡೆಯುತ್ತಿತ್ತು. ರೂಟರನ್ನು ಎರಡು ಬಾರಿ ಆರಿಸಿ ಹಾಕಿ, ಪಾಸ್‌ವರ್ಡನ್ನು ಮರೆಸಿ ಮತ್ತೆ ಕೊಟ್ಟು, ಕೊನೆಗೆ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದದ್ದು ದಿನಾಂಕ: ಟಿವಿಯ ಪ್ರಕಾರ ನಾವು ಎರಡು ವರ್ಷ ಹಿಂದೆ ಇದ್ದೆವು. ಇಂಥ ಟಿವಿಗಳಲ್ಲಿ ಕರೆಂಟ್ ಹೋದಾಗ ಸಮಯವನ್ನು ಕಾಪಾಡುವ ಬ್ಯಾಟರಿ ಸಾಮಾನ್ಯವಾಗಿ ಇರುವುದಿಲ್ಲ. ಜಾಲತಾಣಗಳೂ ಆ್ಯಪ್‌ಗಳೂ ತಮ್ಮ ಗುರುತಿಗೆಂದು ಕಳುಹಿಸುವ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುತ್ತದೆ; ಟಿವಿಯ ದಿನಾಂಕ ಆ ಅವಧಿಯ ಹೊರಗಿದ್ದರೆ ಅದು ಎಲ್ಲವನ್ನೂ ಸುಳ್ಳೆಂದು ತಿರಸ್ಕರಿಸುತ್ತದೆ. ಸಮಯವನ್ನು ನೆಟ್‌ವರ್ಕ್‌ನಿಂದಲೇ ಪಡೆಯುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದ್ದೇ ತಡ, ಎಲ್ಲವೂ ಸರಿಹೋಯಿತು. ಕೈಯಿಂದ ದಿನಾಂಕ ತುಂಬಿ ಹೋದ ಹುಡುಗನನ್ನು ಆಗ ಇನ್ನೊಮ್ಮೆ ನೆನೆದೆ.

ಇಷ್ಟಾದರೂ ನಿಜವಾದ ಕಾಟ ಶುರುವಾದದ್ದು ಅನಂತರ. ಅಮ್ಮ ಟಿವಿಯಲ್ಲಿ ನೋಡುವುದು ಬಹುಪಾಲು ಯಕ್ಷಗಾನವನ್ನು. ಭಾಗವತರು ಏರುಪದ ಎತ್ತಿಕೊಂಡು, ಚೆಂಡೆಯ ಪೆಟ್ಟು ಬಿರುಸಾಗಿ, ಇನ್ನೇನು ವೇಷ ರಂಗಸ್ಥಳಕ್ಕೆ ನುಗ್ಗಬೇಕು ಎನ್ನುವಾಗ ಪರದೆಯ ನಡುವೆ ಬಿಳಿಯ ಚಕ್ರ ತಿರುಗತೊಡಗುತ್ತಿತ್ತು. ನಮ್ಮದು ಸೆಕೆಂಡಿಗೆ 100 ಮೆಗಾಬಿಟ್‌ನ ಯೋಜನೆ. ರೂಟರಿನ ಪಕ್ಕದಲ್ಲಿ ಮೊಬೈಲು ಹಿಡಿದು ಅಳೆದರೆ 90ರ ಮೇಲೆ ಬರುತ್ತಿತ್ತು, ಟಿವಿಯಲ್ಲಿ ಅಳೆದರೆ ಆರೋ ಏಳೋ. ನೆಟ್‌ಫ್ಲಿಕ್ಸ್ ತನ್ನ ಪೂರ್ಣ ಎಚ್‌ಡಿ ಚಿತ್ರಕ್ಕೆ 5 ಮೆಗಾಬಿಟ್, 4ಕೆ ಚಿತ್ರಕ್ಕೆ 15 ಮೆಗಾಬಿಟ್ ಬೇಕೆಂದು ಹೇಳುತ್ತದೆ. ಆ ಲೆಕ್ಕದಲ್ಲಿ ನಮ್ಮ 4ಕೆ ಟಿವಿ 4ಕೆ ತೋರಿಸುವಂತೆಯೇ ಇರಲಿಲ್ಲ.

ಕಾರಣ ಹೀಗಿದೆ. ರೂಟರು ಎರಡು ತರಂಗಪಟ್ಟಿಗಳಲ್ಲಿ (ಬ್ಯಾಂಡ್) ಮಾತನಾಡುತ್ತದೆ. 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಅದು ಗೋಡೆಗಳನ್ನು ದಾಟಿ ದೂರ ಹೋಗುತ್ತದೆ, ಆದರೆ ಅದರಲ್ಲಿ ಜಾಗ ಕಡಿಮೆ. ಒಂದಕ್ಕೊಂದು ಅಡ್ಡಬರದಂತೆ ನಡೆಯಬಲ್ಲ ಚಾನೆಲ್‌ಗಳು, ಅಂದರೆ ಪಟ್ಟಿಯೊಳಗಿನ ಓಣಿಗಳು, 1, 6, 11 ಎಂಬ ಮೂರೇ. ಅಕ್ಕಪಕ್ಕದ ಮನೆಯ ರೂಟರುಗಳು, ಬ್ಲೂಟೂತ್, ಅಡುಗೆಮನೆಯ ಮೈಕ್ರೊವೇವ್, ಕೊನೆಗೆ ಟಿವಿಯದೇ ಬ್ಲೂಟೂತ್ ರಿಮೋಟ್ ಕೂಡ ಅಲ್ಲಿಯೇ ನುಗ್ಗಾಡುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳವಾಗಿದೆ, ಆದರೆ ಆ ಅಲೆ ಗೋಡೆಗೆ ಬೇಗ ಸೋಲುತ್ತದೆ. ನಮ್ಮ ರೂಟರಿನಲ್ಲಿ ಎರಡೂ ಪಟ್ಟಿಗಳಿಗೆ ಒಂದೇ ಹೆಸರಿತ್ತು. ಯಾವುದಕ್ಕೆ ಸೇರಬೇಕೆಂಬುದನ್ನು ಟಿವಿಯೇ ತೀರ್ಮಾನಿಸುತ್ತಿತ್ತು, ಮತ್ತು ಅದು ಪ್ರತಿ ಬಾರಿಯೂ ಜೋರಾಗಿ ಕೇಳಿಸುವ 2.4ನ್ನೇ ಹಿಡಿದುಕೊಳ್ಳುತ್ತಿತ್ತು. ಮೊಬೈಲಿನ ಬ್ರೌಸರಿನಲ್ಲಿ 192.168.1.1 ಎಂಬ ವಿಳಾಸ ತೆರೆದು, ರೂಟರಿನ ಪುಟದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟೆ. ಟಿವಿಗೆ 5ರ ಹೆಸರನ್ನು ಮಾತ್ರ ಉಳಿಸಿ ಇನ್ನೊಂದನ್ನು ಮರೆಸಿದೆ. ರೂಟರನ್ನು ಕಿಟಕಿಯ ದಂಡೆಯಿಂದ ತೆಗೆದು ಚಾವಡಿಯ ಒಳಬಾಗಿಲಿನ ಮೇಲಿನ ಹಲಗೆಗೆ ಏರಿಸಿದೆ. ಉಕ್ಕಿನ ಕಪಾಟನ್ನು ಮೂರು ಜನ ಸೇರಿ ಎದುರು ಗೋಡೆಗೆ ಸರಿಸಿದೆವು. ವೇಗ ಆರರಿಂದ ಮೂವತ್ತೈದಕ್ಕೆ ಏರಿತು. ಮೂವತ್ತೈದರಲ್ಲಿ ಹೆಚ್ಚುಕಡಿಮೆ ಅರ್ಧ ಕಪಾಟಿನ ಪುಣ್ಯವೆಂದು ನನ್ನ ನಂಬಿಕೆ. ಅದನ್ನು ಸರಿಸುವ ಮೊದಲು ಅಳೆದಾಗ ಹದಿನೆಂಟು ಬಂದಿತ್ತು.

ಮೂರು ತಿಂಗಳು ನೆಮ್ಮದಿಯಾಗಿ ಕಳೆಯಿತು. ಫೆಬ್ರವರಿಯ ಒಂದು ದಿನ ಟಿವಿಯ ಪಟ್ಟಿಯಿಂದ 5 ಗಿಗಾಹರ್ಟ್ಸ್‌ನ ಹೆಸರೇ ಮಾಯವಾಯಿತು. ಮೊಬೈಲಿಗೆ ಅದು ಕಾಣುತ್ತಿತ್ತು, ಟಿವಿಗೆ ಕಾಣುತ್ತಿರಲಿಲ್ಲ. ಟಿವಿ ಕಂಪನಿಯ ಸಹಾಯವಾಣಿಯವರು ತೊಂದರೆ ರೂಟರಿನದೆಂದರು, ಇಂಟರ್ನೆಟ್ ಸಂಸ್ಥೆಯವರು ಟಿವಿಯದೆಂದರು. ಇಬ್ಬರೂ ವಿನಯವಾಗಿಯೇ ಮಾತನಾಡಿದರು, ಇಬ್ಬರೂ ದೂರನ್ನು 'ಬಗೆಹರಿದಿದೆ' ಎಂದು ಮುಚ್ಚಿದರು. ಸಹಾಯವಾಣಿಯ ಮಾತು ಕೇಳಿ ಟಿವಿಯನ್ನು ಎರಡು ಬಾರಿ ಫ್ಯಾಕ್ಟರಿ ರೀಸೆಟ್ ಮಾಡಿದ್ದರಿಂದ ಆದ ಲಾಭವೆಂದರೆ ಎಲ್ಲ ಆ್ಯಪ್‌ಗಳ ಪಾಸ್‌ವರ್ಡುಗಳನ್ನು ಎರಡು ಬಾರಿ ತುಂಬುವ ಅಭ್ಯಾಸ. ಅಸಲು ವಿಷಯ ರೂಟರಿನ ಪುಟದಲ್ಲಿಯೇ ಇತ್ತು. ಚಾನೆಲ್ ಆಯ್ಕೆ 'ಆಟೋ' ಎಂದಿದ್ದು, ರೂಟರು ಯಾವಾಗಲೋ ತಾನಾಗಿಯೇ 36ರಿಂದ 100ನೇ ಚಾನೆಲ್‌ಗೆ ಹಾರಿತ್ತು. 5 ಗಿಗಾಹರ್ಟ್ಸ್‌ನ ನಡುವಿನ ಚಾನೆಲ್‌ಗಳನ್ನು ಹವಾಮಾನ ರೇಡಾರ್‌ಗಳೂ ಬಳಸುವುದರಿಂದ ಅಲ್ಲಿ ಕೆಲಸ ಮಾಡುವ ಉಪಕರಣಗಳು ಹೆಚ್ಚಿನ ನಿಯಮಗಳನ್ನು ಪಾಲಿಸಬೇಕಾಗುತ್ತದೆ. ಆ ಗೊಡವೆಯೇ ಬೇಡವೆಂದು ಹಲವು ಟಿವಿ ತಯಾರಕರು ಆ ಚಾನೆಲ್‌ಗಳನ್ನು ಬಿಟ್ಟೇಬಿಟ್ಟಿರುತ್ತಾರೆ. ಭಾರತ ಸರ್ಕಾರ 2018ರ ಅಕ್ಟೋಬರಿನಲ್ಲಿಯೇ ಈ ಪಟ್ಟಿಯ 605 ಮೆಗಾಹರ್ಟ್ಸ್‌ನಷ್ಟು ಭಾಗವನ್ನು ಪರವಾನಗಿಯಿಲ್ಲದೆ ವೈಫೈಗೆ ಬಳಸಲು ತೆರೆದುಕೊಟ್ಟಿತು. ಈಗಿನ ರೂಟರುಗಳು ಅದನ್ನು ಬಳಸಿಕೊಳ್ಳುತ್ತವೆ, ನಮ್ಮ ಟಿವಿಗೆ ಅದರಲ್ಲಿ ಅರ್ಧಕ್ಕೆ ಕಿವಿಯಿಲ್ಲ. ಚಾನೆಲನ್ನು 36ಕ್ಕೆ ಕಟ್ಟಿಹಾಕಿದ ಕ್ಷಣವೇ ಹೆಸರು ಮತ್ತೆ ಕಾಣಿಸಿಕೊಂಡಿತು. ಹತ್ತು ದಿನಗಳಲ್ಲಿ ಎರಡು ಸಹಾಯವಾಣಿಗಳು ಹೇಳಬಹುದಾಗಿದ್ದ ಒಂದು ವಾಕ್ಯ ಇದು.

ಅದೇ ತಿಂಗಳು ಬಂದ ಸಾಫ್ಟ್‌ವೇರ್ ಅಪ್‌ಡೇಟ್ ಹೊಸದೊಂದು ರೋಗ ತಂದಿತು. ರಿಮೋಟಿನಿಂದ ಆರಿಸಿದ ಟಿವಿಯನ್ನು ಬೆಳಗ್ಗೆ ಹಾಕಿದರೆ ವೈಫೈ ಏಳುತ್ತಿರಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ವೈಫೈಯನ್ನು ಆಫ್ ಮಾಡಿ ಆನ್ ಮಾಡಬೇಕು, ಇಲ್ಲವೇ ಗೋಡೆಯ ಸ್ವಿಚ್ಚನ್ನೇ ಆರಿಸಬೇಕು. ನನಗಿದು ಅರ್ಧ ನಿಮಿಷದ ಕೆಲಸ. ಎಪ್ಪತ್ತೆರಡು ವರ್ಷದ ಅಮ್ಮನಿಗೆ ಅದು ಪ್ರತಿದಿನ ಬೆಂಗಳೂರಿಗೆ ಒಂದು ಫೋನ್ ಕರೆ. ಕೆಲಸದ ನಿಮಿತ್ತ ನಾನು ವಾರದ ಐದು ದಿನ ಇರುವುದು ಅಲ್ಲಿ.

ಮಾರ್ಚಿನಲ್ಲಿ ಬಂದು ವೈಫೈಯ ಸಹವಾಸವನ್ನೇ ಬಿಡಿಸಿದೆ. ಊರಿನ ಎಲೆಕ್ಟ್ರಿಷಿಯನ್ ಮಾಡಿನ ಅಂಚಿಗೆ ಕೇಸಿಂಗ್ ಪಟ್ಟಿ ಹೊಡೆದು ರೂಟರಿನಿಂದ ಟಿವಿಗೆ ಹದಿನೆಂಟು ಮೀಟರ್ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ಎಳೆದುಕೊಟ್ಟರು. ಎರಡು ತುದಿಯ ಜಾಕ್, ಕೂಲಿ ಎಲ್ಲ ಸೇರಿ ಒಂಬೈನೂರು ರೂಪಾಯಿ. ಈ ಕೇಬಲನ್ನು ಸಿಕ್ಕಿಸುವ ಟಿವಿಯ ಲ್ಯಾನ್ ಕಿಂಡಿ 100 ಮೆಗಾಬಿಟ್‌ನದ್ದೇ, ಗಿಗಾಬಿಟ್ ಅಲ್ಲ. ಸುಮಾರು ಎಲ್ಲ ಟಿವಿಗಳಲ್ಲೂ ಹೀಗೆಯೇ. ಒಳ್ಳೆಯ ವೈಫೈ ಇರುವ ಟಿವಿಯನ್ನು ರೂಟರಿನ ಎದುರಿಗೇ ಇಟ್ಟರೆ ಅದು ಈ ತಂತಿಗಿಂತ ವೇಗವಾಗಿ ಓಡಬಹುದು. ಆದರೆ 15 ಸಾಕೆನ್ನುವಲ್ಲಿ 93 ಸ್ಥಿರವಾಗಿ ಬರುತ್ತಿರುವಾಗ ನಾನು ದೂರುವುದಕ್ಕೆ ಏನೂ ಉಳಿದಿಲ್ಲ. ಅಂದಿನಿಂದ ಬಿಳಿಯ ಚಕ್ರವನ್ನು ಅಮ್ಮ ನೋಡಿಲ್ಲ. ಮೊಬೈಲಿನಿಂದ ಟಿವಿಗೆ ಫೋಟೋ ಕಳುಹಿಸುವುದೂ ನಡೆಯುತ್ತದೆ, ತಂತಿಯೂ ವೈಫೈಯೂ ಒಂದೇ ರೂಟರಿನವಾದ್ದರಿಂದ. ಟಿವಿಯನ್ನು ಅತಿಥಿಗಳ ವೈಫೈಗೆ ಸೇರಿಸಿಟ್ಟವರಿಗೆ ಮಾತ್ರ ಇದು ಸಾಮಾನ್ಯವಾಗಿ ಆಗುವುದಿಲ್ಲ.

ಹೊಸ ಟಿವಿ ನೋಡಲು ಅಂಗಡಿಗೆ ಹೋಗುವವರು ಪೆನ್‌ಡ್ರೈವ್‌ನಿಂದ ಓಡುವ ಜಲಪಾತಕ್ಕೆ ಮರುಳಾಗದೆ ವಿವರಪತ್ರದ ವೈಫೈ ಸಾಲನ್ನು ಕೇಳಿ ಓದಿಸಿಕೊಳ್ಳಬೇಕು. ಅಲ್ಲಿ ವೈಫೈಯ ತಲೆಮಾರನ್ನು ಹೇಳುವ 'ಎಸಿ' ಅಥವಾ 'ಎಎಕ್ಸ್' ಎಂಬ ಅಕ್ಷರವಿದ್ದರೆ ಒಳ್ಳೆಯದು. 'ಎಸಿ' ಇದ್ದಲ್ಲಿ 5 ಗಿಗಾಹರ್ಟ್ಸ್ ಇದ್ದೇ ಇರುತ್ತದೆ. ಹಳೆಯ ತಲೆಮಾರುಗಳಾದ 'ಬಿ/ಜಿ/ಎನ್' ಎಂದಷ್ಟೇ ಬರೆದಿದ್ದರೆ ಸಾಮಾನ್ಯವಾಗಿ ಸಿಗುವುದು 2.4 ಮಾತ್ರ, 4ಕೆ ಎಂಬ ದೊಡ್ಡ ಅಕ್ಷರಗಳು ಅದರ ಪಕ್ಕದಲ್ಲಿಯೇ ಇದ್ದರೂ. ಲ್ಯಾನ್ ಕಿಂಡಿಯಿಲ್ಲದ ಟಿವಿಯನ್ನು ನಾನಂತೂ ಇನ್ನು ಕೊಳ್ಳುವುದಿಲ್ಲ. ಐದರಲ್ಲಿ ಈ ಟಿವಿಯ ಚಿತ್ರಕ್ಕೆ ನಾಲ್ಕು ಅಂಕ, ವೈಫೈಗೆ ಒಂದೂವರೆ, ಸಹಾಯವಾಣಿಗೆ ಒಂದು.

ತಂತಿಗೂ ಅದರದೇ ಒಂದು ಕಷ್ಟವಿದೆ, ನಮ್ಮ ಕಡೆಯವರಿಗೆ ಅದನ್ನು ಹೇಳಲೇಬೇಕು. ಫೈಬರ್ ಗಾಜಿನದಾದ್ದರಿಂದ ಸಿಡಿಲು ಅದರಲ್ಲಿ ಹರಿಯುವುದಿಲ್ಲವೆಂಬುದು ನಿಜ. ಆದರೆ ಕಂಬದಿಂದ ಬರುವ ಕೇಬಲಿನಲ್ಲಿ ಜಗ್ಗದಿರಲೆಂದು ಉಕ್ಕಿನ ತಂತಿಯೊಂದು ಇರುತ್ತದೆ, ರೂಟರಿಗೆ ಕರೆಂಟು ಬರುತ್ತದೆ, ರೂಟರಿನಿಂದ ಟಿವಿಯವರೆಗೆ ಈಗ ತಾಮ್ರವಿದೆ. ಹಾಗಾಗಿ ಮೋಡ ಕಟ್ಟಿದೊಡನೆ, ಗುಡುಗು ಶುರುವಾಗುವ ಮೊದಲೇ, ಪ್ಲಗ್ಗಿನ ಜೊತೆಗೆ ಲ್ಯಾನ್ ಕೇಬಲನ್ನೂ ಕೀಳಬೇಕೆಂದು ಅಮ್ಮನಿಗೆ ಹೇಳಿಟ್ಟಿದ್ದೆ. ಜಾಕಿನ ಮೇಲಿನ ಪುಟ್ಟ ಪ್ಲಾಸ್ಟಿಕ್ ನಾಲಗೆಯನ್ನು ಒತ್ತಿ ಎಳೆಯಬೇಕೆಂದು ಹೇಳಲು ಮರೆತಿದ್ದೆ. ಮೇ ತಿಂಗಳ ಮೊದಲ ಗುಡುಗಿಗೇ ಆ ನಾಲಗೆ ಮುರಿಯಿತು. ಎಲೆಕ್ಟ್ರಿಷಿಯನ್ ಮತ್ತೆ ಬಂದು ಹೊಸ ಜಾಕ್ ಹಾಕಿ, ಟಿವಿಯ ಪಕ್ಕದ ಗೋಡೆಯಲ್ಲಿ ಕೈಗೆಟುಕುವ ಎತ್ತರಕ್ಕೆ ಒಂದು ಲ್ಯಾನ್ ಸಾಕೆಟ್ ಕೂರಿಸಿದ್ದಾರೆ. ಅಲ್ಲಿಂದ ಟಿವಿಗೆ ಒಂದು ಮೀಟರಿನ ಬಿಡಿ ತುಂಡು. ಅದು ಮುರಿದರೆ ಬದಲಿಸಲೆಂದು ಇನ್ನೆರಡು ತುಂಡುಗಳು ಉಕ್ಕಿನ ಕಪಾಟಿನಲ್ಲಿವೆ.